ಭಾರ ಯಾರ ಹೆಗಲಿಗೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಒಂದಕ್ಕೂ ಇವತ್ತಿನವರೆಗೆ ರೈಲು ನಿಲ್ದಾಣವಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಹೋಗುವ ಹಳಿ ದಾವಣಗೆರೆ, ಹರಿಹರಗಳನ್ನು ಮುಟ್ಟಿಕೊಂಡು ಹೊಳೆ ದಾಟಿಬಿಟ್ಟಿತು. ಸಂಗೀತಕ್ಕೂ ರೈಲಿಗೂ ಏನು ನಂಟು ಎಂದು ಕೇಳುವವರು ಹಳೆಯ ನಾಟಕ ಕಂಪನಿಯ ಸಾಮಾನನ್ನು ಒಮ್ಮೆ ನೆನೆಯಬೇಕು. ಪರದೆ, ಸೀನರಿ, ಕಿರೀಟ, ಗದೆ, ಪೆಟಾರಿ, ಇವುಗಳ ನಡುವೆ ಕಾಲಲ್ಲಿ ತುಳಿದು ನುಡಿಸುವ ಲೆಗ್ ಹಾರ್ಮೋನಿಯಂ. ಕಂಪನಿ ದಾವಣಗೆರೆಯಲ್ಲಿ ಕ್ಯಾಂಪ್ ಹಾಕಿದರೆ ಅದು ರೈಲಿನಿಂದಿಳಿದು ಥಿಯೇಟರಿಗೆ ಹೋದರೆ ಮುಗಿಯಿತು. ಅದೇ ಪೆಟ್ಟಿಗೆ ಜಗಳೂರಿಗೋ ಚನ್ನಗಿರಿಗೋ ಹೋಗಬೇಕೆಂದರೆ ಮುಂದಿನ ಹಾದಿಯೆಲ್ಲ ಎತ್ತಿನ ಗಾಡಿ, ಆಮೇಲಿನ ಕಾಲದಲ್ಲಿ ಲಾರಿ. ಪೆಟ್ಟಿಗೆ ಎತ್ತಲು ಇಬ್ಬರು ಬೇಕು, ಇಳಿಸಲು ಇಬ್ಬರು ಬೇಕು.

ಈ ಸೀಮೆಯ ವಾದ್ಯಗಳ ಚರಿತ್ರೆಯನ್ನು ರಾಗ, ತಾಳದ ಕಡೆಯಿಂದ ಬರೆದವರಿದ್ದಾರೆ. ತೂಕದ ಕಡೆಯಿಂದ ನೋಡಿದರೆ ಬೇರೆಯದೇ ಕತೆ ತೆರೆದುಕೊಳ್ಳುತ್ತದೆ. ಯಾವ ವಾದ್ಯವೂ ತನ್ನ ಭಾರವನ್ನು ಪೂರ್ತಿ ಕಳೆದುಕೊಂಡಿಲ್ಲ. ಭಾರ ಜಾಗ ಬದಲಿಸಿದೆ, ಅಷ್ಟೆ. ಗಾಡಿಯ ಮೇಲಿದ್ದದ್ದು ನೆಲಕ್ಕೆ, ನೆಲದಿಂದ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ, ಹೆಗಲಿನಿಂದ ಕೊನೆಗೆ ಸ್ಪೀಕರ್ ಡಬ್ಬಕ್ಕೆ. ಹಳೆಯ ಎಲೆಕ್ಟ್ರಿಕ್ ಗಿಟಾರ್ ಮಾರಲು ಹೊರಟ ಹುಡುಗನಿಗೆ ಕೊಳ್ಳುವವನು ಕೇಳುವ "ಎಷ್ಟು ಕಿಲೋ ಇದೆ?" ಎಂಬ ಪ್ರಶ್ನೆಯನ್ನು ಇಲ್ಲಿ ತಲೆಮಾರುಗಳಿಂದ ಬೇರೆ ಬೇರೆ ವಾದ್ಯಗಳ ಮುಂದೆ ಕೇಳುತ್ತಲೇ ಬಂದಿದ್ದಾರೆ.

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲೆಕ್ಸಾಂಡರ್ ದಬೆಯ್ನ್ 1842ರಲ್ಲಿ ಆ ಹೆಸರಿನಲ್ಲಿ ಹಕ್ಕು ಪಡೆದ. ಮಿಷನರಿಗಳ, ಅಧಿಕಾರಿಗಳ ಸಾಮಾನಿನೊಂದಿಗೆ ಇಂಡಿಯಾಕ್ಕೆ ಬಂದದ್ದು ಮೇಜಿನಂಥ, ಕಾಲಲ್ಲಿ ತುಳಿಯುವ ಪೆಟ್ಟಿಗೆ. ಕುರ್ಚಿಯ ಮೇಲೆ ಕೂತು ಎರಡು ಪಾದಗಳಿಂದ ತಿದಿ ತುಳಿದರೆ ಎರಡೂ ಕೈ ಖಾಲಿ. ನಾಟಕದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಬಲಗೈಯಲ್ಲಿ ಮಟ್ಟು, ಎಡಗೈಯಲ್ಲಿ ಆಧಾರ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಶ್ರುತಿ ಕೇಳಿಸುವಷ್ಟು ದೊಡ್ಡ ದನಿ. ಇಡೀ ರಾತ್ರಿ ತುಳಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಜ. ಆದರೆ ಪೆಟ್ಟಿಗೆಯ ಭಾರ ಮೇಷ್ಟ್ರ ಮೈಮೇಲಿಲ್ಲ. ಅದು ಕಂಪನಿಯ ಹಮಾಲರ ತಲೆನೋವು.

ಕಲ್ಕತ್ತೆಯ ದ್ವಾರಕಾನಾಥ ಘೋಷ್ ಈ ಪೆಟ್ಟಿಗೆಯ ಕಾಲು ಕತ್ತರಿಸಿ, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲಿಟ್ಟು ಕೈಯಿಂದ ಒತ್ತಿ ನುಡಿಸುವಂತೆ ಮಾಡಿದ್ದು 1875ರ ಸುಮಾರಿಗೆ. ಚಕ್ಕಳಮಕ್ಕಳ ಹಾಕಿ ಕೂರುವ ದೇಶಕ್ಕೆ ತಕ್ಕ ಬದಲಾವಣೆ. ಹತ್ತು ಕಿಲೋ ಆಸುಪಾಸಿನ ಕೈಪೆಟ್ಟಿಗೆಯನ್ನು ಒಬ್ಬನೇ ಬಸ್ಸಿನ ಟಾಪಿಗೆ ಏರಿಸಬಹುದು, ಸೈಕಲ್ ಕ್ಯಾರಿಯರ್‌ಗೆ ಕಟ್ಟಬಹುದು. ಬೆಲೆ ಮಾತ್ರ ಎಡಗೈ. ತಿದಿ ಒತ್ತುವ ಕೈ ಸ್ವರದ ಮನೆಗಳ ಮೇಲೆ ಬರಲಾರದು. ಹಗುರವಾಗಿದ್ದಕ್ಕೆ ಅರ್ಧ ಸಂಗೀತ ಬಿಟ್ಟುಕೊಟ್ಟಂತಾಯಿತು ಎಂದು ಲೆಗ್ ಹಾರ್ಮೋನಿಯಂ ಪಳಗಿದ ಮೇಷ್ಟ್ರುಗಳು ಗೊಣಗಿದರೆ ಅದರಲ್ಲಿ ತಪ್ಪೇನಿಲ್ಲ.

ದೊಡ್ಡವರಿಗೆ ಎರಡೂ ಹಿಡಿಸಲಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, ಮತ್ತೆ ಬಾಗಿಲು ತೆರೆಯಲು ಮೂವತ್ತು ವರ್ಷ ತೆಗೆದುಕೊಂಡಿತು. ಗಮಕ ಬಾರದ, ಸ್ವರಸ್ಥಾನ ಗಟ್ಟಿಯಾಗಿ ಕೂತ ಪರದೇಶಿ ಪೆಟ್ಟಿಗೆ ಎಂಬುದು ಆಕ್ಷೇಪ. ಅದೇ ಮೂವತ್ತು ವರ್ಷ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಹಾರ್ಮೋನಿಯಂ ಇಲ್ಲದೆ ಒಂದು ನಾಟಕವೂ ಏಳಲಿಲ್ಲ. ರೇಡಿಯೋದಲ್ಲಿ ನಿಷೇಧ, ಊರ ಬಯಲಿನಲ್ಲಿ ಅದರದೇ ದರ್ಬಾರು.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ಚಿಂದೋಡಿ ವೀರಪ್ಪನವರು ಕಟ್ಟಿ ಮಗಳು ಚಿಂದೋಡಿ ಲೀಲಾ ಬೆಳೆಸಿದ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯವರೆಗೆ, ವೃತ್ತಿ ರಂಗಭೂಮಿಯ ಬಾಳು ಏಳುಬೀಳಿನದು. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಸಿನಿಮಾ ಬಂದರೆ ಕಲೆಕ್ಷನ್ ಇಲ್ಲ. ಮುಳುಗಿದ ಕಂಪನಿಯ ಪರದೆಗಳು ಡ್ರಾಮಾ ಸೀನರಿ ಬಾಡಿಗೆಗೆ ಕೊಡುವವರ ಪಾಲಾಗುತ್ತಿದ್ದವು. ಕೆಲಸ ಕಳೆದುಕೊಂಡ ಮೇಷ್ಟ್ರು ಹಳ್ಳಿ ಸೇರಿ, ಸುಗ್ಗಿ ಮುಗಿದ ಮೇಲೆ ಊರ ಹುಡುಗರಿಗೆ ತಿಂಗಳುಗಟ್ಟಲೆ ಮಾತು, ಹಾಡು ಕಲಿಸಿ ನಾಟಕ ಎತ್ತಿಸುತ್ತಿದ್ದರು. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯಂಥ ನಾಟಕಗಳು ಕಂಪನಿ ದಾಟಿ ಊರಗೌಡರ ಹಟ್ಟಿ ಮುಂದೆ ಬಂದದ್ದು ಹೀಗೆ. ಮೇಷ್ಟ್ರುಗಳ ಜತೆಗೇ ಹಳೆಯ ಹಾರ್ಮೋನಿಯಂಗಳೂ ಕೈ ಬದಲಿಸಿದವು.

ಸೆಕೆಂಡ್ ಹ್ಯಾಂಡ್ ವಾದ್ಯದ ವ್ಯಾಪಾರಕ್ಕೆ ಹಳ್ಳಿಗಾಡಿನಲ್ಲಿ ಅಂಗಡಿ ಇಲ್ಲ, ಬೋರ್ಡು ಇಲ್ಲ. ಮೇಷ್ಟ್ರೇ ದಲ್ಲಾಳಿ, ಮೇಷ್ಟ್ರೇ ಪರೀಕ್ಷಕ. ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದೊಂದೇ ಮನೆ ಒತ್ತಿ, ಯಾವ ರೀಡು ಸೀಳಿದೆ, ಯಾವುದು ತಡವಾಗಿ ಎದ್ದೇಳುತ್ತದೆ ಎಂದು ಕಿವಿಗೊಟ್ಟು ಕೇಳುವುದು ಮೊದಲ ಹೆಜ್ಜೆ. ತಿದಿ ತುಂಬಿಸಿ ಕೈಬಿಟ್ಟು, ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡುವುದು ಎರಡನೆಯದು. ಗುಜರಾತಿನ ಪಾಲಿಟಾಣಾದಲ್ಲಿ ತಯಾರಾದ ರೀಡು ಎಂದು ಗೊತ್ತಾದರೆ ಬೆಲೆ ಏರುತ್ತದೆ. ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ ನೋಡುವುದು ಕೊನೆಗೆ. ತೀರಾ ಹಗುರವಾಗಿದ್ದರೆ ಮರ ತೆಳ್ಳಗೆ, ಅಗ್ಗದ ಮಾಲು ಎಂಬ ಗುಮಾನಿ. ತೀರಾ ಭಾರವಾಗಿದ್ದರೆ ಇದನ್ನು ಊರೂರಿಗೆ ಹೊತ್ತು ತಿರುಗುವವರು ಯಾರು ಎಂಬ ಚಿಂತೆ. ಸ್ಕೇಲ್ ಚೇಂಜರ್ ಬಂದಮೇಲೆ ಚಿಂತೆ ಇಮ್ಮಡಿಯಾಯಿತು. ಬಿಳಿ ನಾಲ್ಕರಲ್ಲಿ ಹಾಡುವವನಿಗೂ ಕಪ್ಪು ಒಂದರಲ್ಲಿ ಹಾಡುವವನಿಗೂ ಅದೇ ಬೆರಳ ಜಾಡಿನಲ್ಲಿ ನುಡಿಸುವ ಸುಖ ಸಿಕ್ಕಿತು. ಪೆಟ್ಟಿಗೆಯ ತೂಕವೂ ಕೆಲವು ಕಿಲೋ ಏರಿತು.

ಲೆಗ್ ಹಾರ್ಮೋನಿಯಂಗೆ ಮಾತ್ರ ಹಳ್ಳಿಯಲ್ಲಿ ಗಿರಾಕಿ ಕಡಿಮೆ. ಮಡಚುವ ಮಾದರಿ ಒಂದಷ್ಟು ದಿನ ಓಡಾಡಿತು. ಉಳಿದವು ಮೂಲೆ ಸೇರಿ ಗೆದ್ದಲಿಗೆ ಆಹಾರವಾದವು.

ಭಾರದ ಮಾತು ಬಂದಾಗ ಈ ಸೀಮೆಯಲ್ಲಿ ಡೊಳ್ಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಈ ಸೀಮೆ ಮೊದಲಿನಿಂದ ಒಂದೇ ತುಂಡಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ಅಡಿಕೆ ತೋಟದ ಚನ್ನಗಿರಿಗೂ ಮಳೆ ಕಾಣದ ಜಗಳೂರಿಗೂ ಬೇಸಾಯದಲ್ಲಿ ಹೋಲಿಕೆಯೇ ಇಲ್ಲ. ಆದರೆ ಬೀರಪ್ಪನ ಗುಡಿಯ ಮುಂದೆ ಡೊಳ್ಳು ಎರಡೂ ಕಡೆ ಒಂದೇ. ಹಾಲುಮತದವರ ಕತೆಯ ಪ್ರಕಾರ ಡೊಳ್ಳಾಸುರ ಎಂಬ ರಾಕ್ಷಸ ಶಿವನನ್ನೇ ನುಂಗಿ ಹೊಟ್ಟೆಯಲ್ಲಿಟ್ಟುಕೊಂಡ. ಶಿವ ಒಳಗೇ ಬೆಳೆದು ಹೊಟ್ಟೆ ಸೀಳಿ ಹೊರಬಂದು, ಆ ರಾಕ್ಷಸನ ಒಡಲನ್ನೇ ವಾದ್ಯ ಮಾಡಿ ಭಕ್ತರಿಗೆ ಕೊಟ್ಟ. ಹೊಟ್ಟೆಯಿಂದ ಹುಟ್ಟಿದ ವಾದ್ಯ ಇವತ್ತಿಗೂ ಬಡಿಯುವವನ ಹೊಟ್ಟೆಯ ಮೇಲೇ ಕೂತಿರುವುದು ಕತೆಗಾರನಿಗೂ ಹೊಳೆದಿದ್ದಿರಬೇಕು.

ಡೊಳ್ಳು ಮಾಡುವುದು ಇಡೀ ಮರದ ದಿಮ್ಮಿಯನ್ನು ಒಳಗೆ ಕೊರೆದು. ಎರಡು ಬಾಯಿಗೆ ಆಡು, ಕುರಿಯ ಚರ್ಮ, ಬಿಗಿಯಲು ಹಗ್ಗ. ಮರ, ಅಳತೆ ನೋಡಿಕೊಂಡು ಹತ್ತು ಕಿಲೋ ದಾಟುವ ಡೊಳ್ಳು ಸಾಮಾನ್ಯ. ಅದನ್ನು ಕೂತು ಬಡಿಯುವುದಿಲ್ಲ. ನಿಂತು, ಬಾಗಿ, ಸುತ್ತಿ, ಹಾರಿ, ಕೆಲವೊಮ್ಮೆ ಒಬ್ಬರ ಹೆಗಲ ಮೇಲೊಬ್ಬರು ನಿಂತು ಬಡಿಯುತ್ತಾರೆ. ಇಷ್ಟೆಲ್ಲ ಸಾಧ್ಯವಾಗುವುದು ಡೊಳ್ಳನ್ನು ಕಟ್ಟಿಕೊಳ್ಳುವ ರೀತಿಯಿಂದ. ಹೆಗಲಿಗೆ ಹಾಕಿದ ಹಗ್ಗವೋ ವಸ್ತ್ರವೋ ಜಾರದಂತೆ ಹಿಡಿಯುತ್ತದೆ. ತೂಕವನ್ನು ಹೊರುವುದು ಸೊಂಟ. ಬಿಗಿದು ಕಟ್ಟಿದ ಡೊಳ್ಳು ಮೈಗೆ ಅಂಟಿಕೊಂಡು ಮೈ ತಿರುಗಿದ ಕಡೆ ತಾನೂ ತಿರುಗುತ್ತದೆ. ಸಡಿಲ ಕಟ್ಟಿದರೆ ಅದು ಒಂದು ಗಳಿಗೆ ತಡವಾಗಿ ತಿರುಗಿ, ಬೆನ್ನನ್ನು ಮುಂದಕ್ಕೆ ಜಗ್ಗುತ್ತದೆ. ಹೊಸಬರ ಬೆನ್ನು ನೋಯುವುದು ತೂಕದಿಂದಲ್ಲ, ಕಟ್ಟಿನಿಂದ.

ಹೆಗಲಿಗಿಂತ ಸೊಂಟ ಗಟ್ಟಿ ಎಂಬ ಲೆಕ್ಕ ನಂದಿಕೋಲು ಹೊರುವವರಿಗೂ ಗೊತ್ತು. ಆ ಎತ್ತರದ ಕಂಬದ ಬುಡವೂ ಕೂರುವುದು ಸೊಂಟಕ್ಕೆ ಕಟ್ಟಿದ ಪಟ್ಟಿಯ ಮೇಲೆ. ಕಾಸರಗೋಡಿನ ಕಡೆಯ ತೆಂಕುತಿಟ್ಟು ಯಕ್ಷಗಾನದಲ್ಲಿ ಹಾಗಲ್ಲ. ಅಲ್ಲಿ ಚೆಂಡೆ ಹೆಗಲಿಂದಲೇ ತೂಗುತ್ತದೆ, ಚೆಂಡೆಯವರು ನಿಂತೇ ಬಾರಿಸುತ್ತಾರೆ. ರಾತ್ರಿಯಿಡೀ ಆಟವಾದರೆ ಒಂದೇ ಹೆಗಲು ಬೆಳಗಿನವರೆಗೆ ತಡೆಯಬೇಕು. ಗಿಟಾರಿನ ಕಷ್ಟ ಚೆಂಡೆಯ ಕಷ್ಟದ ಜಾತಿಯದು, ಡೊಳ್ಳಿನದಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಗಂಡಸರ ಪಾಲಿನದೇ ಎಂದುಕೊಂಡಿದ್ದ ಡೊಳ್ಳನ್ನು ಈಗ ಮಹಿಳಾ ತಂಡಗಳೂ ಕಟ್ಟಿಕೊಳ್ಳುತ್ತಿವೆ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರದ ಹೆಣ್ಣುಮಕ್ಕಳು ಈ ವಿಷಯದಲ್ಲಿ ಹೆಸರು ಮಾಡಿದವರು. ಭಾರ ಹೆಣ್ಣಿಗಾಗದು ಎಂದವರು, ಎರಡು ಕೊಡ ನೀರು ಹೊತ್ತು ಮೈಲಿಗಟ್ಟಲೆ ನಡೆದವರು ಯಾರು ಎಂದು ಜಗಳೂರು ಸೀಮೆಯಲ್ಲಿ ಒಮ್ಮೆ ವಿಚಾರಿಸಬಹುದಿತ್ತು.

ನೆಲೆ ನಿಂತವರ ವಾದ್ಯ ಭಾರ, ನಡೆಯುವವರ ವಾದ್ಯ ಹಗುರ. ಇದಕ್ಕೆ ಅಪವಾದ ಸಿಗುವುದು ಕಷ್ಟ. ಭಾರತದ ಕತೆ ಹಾಡುತ್ತ ಮನೆ ಮನೆಗೆ ಹೋಗುವ ಕಿನ್ನರಿ ಜೋಗಿಯ ಕಿನ್ನರಿ, ಸೋರೆಬುರುಡೆ ಕಟ್ಟಿದ ಕೋಲು. ಎಲ್ಲಮ್ಮನ ಜೋಗತಿಯರ ಚೌಡಿಕೆ ಕಂಕುಳಲ್ಲಿ ಅಡಗುತ್ತದೆ. ತತ್ವಪದದವರ ದಮ್ಮಡಿ, ಏಕತಾರಿಗಳಿಗೆ ತೂಕವೇ ಇಲ್ಲವೆನ್ನಬೇಕು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ. 1739ರಲ್ಲಿ ಹುಟ್ಟಿದರೆಂದು ಸಮುದಾಯ ನಂಬುವ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ಜನಸಾಗರ ಹರಿದುಬರುತ್ತದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ತಿರುಗಿದ ಈ ಜನರ ಹಾಡಿಗೆ ನಗಾರಿಯ ಜತೆ ಹಿಮ್ಮೇಳವಾಗಿ ನಿಂತದ್ದು ಕಂಚಿನ ತಟ್ಟೆ. ಉಂಡ ತಟ್ಟೆಯೇ ರಾತ್ರಿ ತಾಳವಾದರೆ ಎತ್ತಿನ ಬೆನ್ನಿಗೆ ಹೆಚ್ಚುವರಿ ಹೊರೆಯಿಲ್ಲ. ವಾದ್ಯದ ತೂಕವನ್ನು ಸೊನ್ನೆಗೆ ಇಳಿಸಿದ ಇದಕ್ಕಿಂತ ಜಾಣ ಉಪಾಯವನ್ನು ಯಾವ ಕಾರ್ಖಾನೆಯೂ ಕಂಡುಹಿಡಿದಿಲ್ಲ.

ಕಾರ್ಖಾನೆಗಳೂ ಪ್ರಯತ್ನ ಮಾಡಿವೆ. ಬೆಂಗಳೂರಿನಲ್ಲಿ ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್‌ನಾರಾಯಣ್ 1979ರಲ್ಲಿ ಕಟ್ಟಿದ ರಾಡೆಲ್ ಸಂಸ್ಥೆ, ಆಳೆತ್ತರದ ತಂಬೂರಿಯ ಕೆಲಸವನ್ನು ಚೀಲದಲ್ಲಿ ಹಾಕಿಕೊಳ್ಳುವ ಡಬ್ಬಿಗೆ ಇಳಿಸಿತು. ಅದೇ ಊರಿನ ಕೆ. ವರದರಂಗನ್ ಹಲಸಿನ ಮರದ ಬದಲು ಫೈಬರ್ ಗ್ಲಾಸ್, ಚರ್ಮದ ಬದಲು ಪಾಲಿಯೆಸ್ಟರ್ ಹಾಳೆ ಹಾಕಿ ಮೃದಂಗ ಮಾಡಿದರು. ಊರ ನಾಟಕಕ್ಕೆ ಕ್ಯಾಸಿಯೊ ಕೀಬೋರ್ಡು ಬಂತು. ಹಾರ್ಮೋನಿಯಂ ಮೇಷ್ಟ್ರ ಎಡಗೈಗೆ ನೂರು ವರ್ಷದ ಮೇಲೆ ಮತ್ತೆ ಬಿಡುಗಡೆ ಸಿಕ್ಕಿತು, ಕಾಲಿಗೂ ಕೆಲಸ ತಪ್ಪಿತು. ಕರೆಂಟ್ ಹೋದರೆ ಮಾತ್ರ ಕೀಬೋರ್ಡು ಸ್ತಬ್ಧ.

ಗಣೇಶನ ಹಬ್ಬಕ್ಕೆ, ಜಾತ್ರೆಗೆ ಆರ್ಕೆಸ್ಟ್ರಾ ಕರೆಸುವ ಪದ್ಧತಿಯೊಂದಿಗೆ ಎಲೆಕ್ಟ್ರಿಕ್ ಗಿಟಾರ್ ಕೂಡ ಈ ಊರುಗಳ ವೇದಿಕೆ ಹತ್ತಿತು. ಅದಕ್ಕೂ ಮೊದಲು ಜನ ಅದನ್ನು ಕೇಳಿದ್ದು ಸಿನಿಮಾ ಹಾಡುಗಳಲ್ಲಿ. ಜಿ.ಕೆ. ವೆಂಕಟೇಶ್ ಅವರ ವಾದ್ಯಗೋಷ್ಠಿಯಲ್ಲಿ ಗಿಟಾರ್ ನುಡಿಸುತ್ತ, ಅವರ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದ ಯುವಕ ಮುಂದೆ ಇಳಯರಾಜ ಎಂದು ಹೆಸರಾದರು. ಇವರೂ ಮೊದಲು ಹಾರ್ಮೋನಿಯಂ ಹೊತ್ತು ಊರೂರು ಅಲೆದವರೇ.

ಗಿಟಾರಿನ ತೂಕಕ್ಕೆ ಅದರದೇ ಆದ ಇತಿಹಾಸವಿದೆ. ಮೊತ್ತಮೊದಲು ಗೆದ್ದ ಎಲೆಕ್ಟ್ರಿಕ್ ಗಿಟಾರ್, ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಬಂದ ರಿಕನ್‌ಬ್ಯಾಕರ್, ಅಲ್ಯೂಮಿನಿಯಂ ಎರಕದ್ದು. ಆಕಾರ ನೋಡಿ ಬಾಣಲೆ ಎಂದು ಅಡ್ಡಹೆಸರಿಟ್ಟರು. ಅದನ್ನು ತೊಡೆಯ ಮೇಲೆ ಮಲಗಿಸಿ ಹವಾಯಿಯನ್ ರೀತಿಯಲ್ಲಿ ನುಡಿಸುತ್ತಿದ್ದುದರಿಂದ ತೂಕದ ಮಾತೇ ಇರಲಿಲ್ಲ. ತೊಡೆಯಿಂದ ಎದ್ದು ಹೆಗಲಿಗೆ ಬಂದಮೇಲೆ ತಾಪತ್ರಯ ಶುರು. ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. 1950ರ ಹೊತ್ತಿಗೆ ಆತ ಮಾರುಕಟ್ಟೆಗೆ ಬಿಟ್ಟದ್ದು ಚಪ್ಪಟೆ ಹಲಗೆಯನ್ನು ಕತ್ತರಿಸಿ ಮಾಡಿದ ಗಿಟಾರ್, ಮುಂದೆ ಟೆಲಿಕಾಸ್ಟರ್ ಎಂದಾಯಿತು. ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ವಾದಕರು ದೂರಿದರು. 1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ಹಿಂಬದಿಯನ್ನು ಪಕ್ಕೆಗೆ, ಮುಂಬದಿಯನ್ನು ಮುಂದೋಳಿಗೆ ಹೊಂದುವಂತೆ ಹೆರೆದರು. ನುಡಿಸಲು ಬಾರದವನೇ ನುಡಿಸುವವರ ಮೈಯನ್ನು ಚೆನ್ನಾಗಿ ಕೇಳಿಸಿಕೊಂಡಿದ್ದ.

ಗಿಬ್ಸನ್ ಹಾದಿ ಬೇರೆ. 1952ರ ಲೆಸ್ ಪಾಲ್ ಗಿಟಾರಿನ ಒಡಲು ದಪ್ಪ ಮಹಾಗನಿ, ಮೇಲೆ ಮೇಪಲ್ ಹಲಗೆ. ನಾಲ್ಕು ಕಿಲೋ ಅದಕ್ಕೆ ಮಾಮೂಲು. ಮಾರಾಟ ಕುಸಿದಾಗ 1961ರಲ್ಲಿ ಒಡಲನ್ನು ತೆಳ್ಳಗೆ ಮಾಡಿದರು, ಅದೇ ಎಸ್‌ಜಿ. ತೂಕ ಇಳಿಯಿತು, ಹೊಸ ಕಾಟ ಹುಟ್ಟಿತು: ಒಡಲು ಹಗುರವಾಗಿ ಕತ್ತು ಉದ್ದವಾಗಿದ್ದರಿಂದ ಕೈಬಿಟ್ಟ ಕೂಡಲೆ ಕತ್ತು ನೆಲದ ಕಡೆ ವಾಲುವುದು. ಎಡಗೈ ಸ್ವರ ಹಿಡಿಯುವುದರ ಜತೆಗೆ ಗಿಟಾರನ್ನೂ ಎತ್ತಿ ಹಿಡಿಯಬೇಕು. ಹಾರ್ಮೋನಿಯಂ ಹಗುರವಾದಾಗಲೂ ದಂಡ ಕಟ್ಟಿದ್ದು ಎಡಗೈಯೇ. ಗಿಟಾರಿಗೆ ಹೆಸರು ಕೊಟ್ಟ ವಾದಕ ಲೆಸ್ ಪಾಲ್ ಅವರಿಗೇ ಈ ಮಾದರಿ ಒಗ್ಗಲಿಲ್ಲ, ಹೆಸರು ತೆಗೆಸಿದರು. 1968ರಲ್ಲಿ ದಪ್ಪ ಒಡಲಿನ ಗಿಟಾರ್ ಮರಳಿತು. ಭಾರ ಇದ್ದಷ್ಟೂ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ನಂಬಿಕೆ ಬಲವಾಗಿದ್ದ 1970ರ ದಶಕದಲ್ಲಿ ಐದು ಕಿಲೋ ಮುಟ್ಟುವ ಗಿಟಾರುಗಳೂ ಹೊರಬಂದವು. 1980ರ ದಶಕದಲ್ಲಿ ಗಿಬ್ಸನ್ ಮೇಲಿನ ಹಲಗೆ ಅಂಟಿಸುವ ಮೊದಲು ಒಡಲಿನಲ್ಲಿ ಗುಟ್ಟಾಗಿ ತೂತು ಕೊರೆಯತೊಡಗಿತು. ಹೊರಗೆ ಗೊತ್ತಾಗದ ಈ ತೂತುಗಳ ಬಗ್ಗೆ ಗಿಟಾರ್ ಮಂದಿ ಇನ್ನೂ ಜಗಳವಾಡುತ್ತಾರೆ. ತೂಕಕ್ಕೂ ನಾದಕ್ಕೂ ನೇರ ಗಂಟು ಹಾಕುವುದು ದುಡುಕು. ಮರದ ಗುಣ, ತಂತಿ, ಕತ್ತಿನ ಜೋಡಣೆ, ಪಿಕಪ್, ಎಲ್ಲ ಸೇರಿ ದನಿ. ಹೆಗಲ ನೋವಿಗೆ ಮಾತ್ರ ತೂಕವೇ ನೇರ ಹೊಣೆ.

ಇಷ್ಟೆಲ್ಲ ಗಲಾಟೆ ಮೂರೂವರೆ ಕಿಲೋವೋ ನಾಲ್ಕೂವರೆ ಕಿಲೋವೋ ಎಂಬುದಕ್ಕೆ. ಡೊಳ್ಳಿನವರು ಕೇಳಿದರೆ ನಕ್ಕಾರು. ಆದರೆ ಡೊಳ್ಳು ಸೊಂಟದ ಮೇಲೆ ನಡುಮಧ್ಯೆ ಕೂರುತ್ತದೆ. ಗಿಟಾರಿನ ಭಾರವೆಲ್ಲ ಎಡಹೆಗಲಿನ ಎರಡಿಂಚು ಪಟ್ಟಿಯ ಮೇಲೆ. ಮೂರು ಗಂಟೆಯ ಆರ್ಕೆಸ್ಟ್ರಾ ಮುಗಿಯುವ ಹೊತ್ತಿಗೆ ಕತ್ತಿನ ನರ ಸೆಳೆಯುವುದು ಅದಕ್ಕೇ. ಇನ್ನೊಂದು ಮಾತು. ಗಿಟಾರ್ ನಾಲ್ಕು ಕಿಲೋಗೆ ನಿಂತದ್ದು ಅದರ ದನಿಯನ್ನು ಇನ್ನೊಂದು ಡಬ್ಬ ಹೊರುವುದರಿಂದ. ಫೆಂಡರ್‌ನ ಹೆಸರಾಂತ ಟ್ವಿನ್ ರಿವರ್ಬ್ ಆಂಪ್ಲಿಫೈಯರ್ ತೂಗುವುದು ಸುಮಾರು 29 ಕಿಲೋ. ಅದರ ಮೇಲೆ ಮೈಕ್‌ಸೆಟ್ಟಿನವನ ಸ್ಪೀಕರು, ಜನರೇಟರು, ಲಗೇಜ್ ಆಟೋ. ಲೆಗ್ ಹಾರ್ಮೋನಿಯಂ ಎತ್ತಲು ಬೇಕಿದ್ದ ಆ ಇಬ್ಬರು ಹಮಾಲರು ಎಲ್ಲೂ ಹೋಗಿಲ್ಲ. ಈಗ ಅವರನ್ನು ಸೌಂಡ್ ಸಿಸ್ಟಂ ಹುಡುಗರು ಎನ್ನುತ್ತಾರೆ, ಕೂಲಿ ಕಲಾವಿದರಿಗಿಂತ ಕಡಿಮೆ.

ಈಗ ಮಾರುವವನ ವಿಷಯ. ಊರಲ್ಲಿ ವಾದ್ಯದ ಅಂಗಡಿಯಿಲ್ಲದ ಹುಡುಗ ಮೊಬೈಲಿನಲ್ಲಿ ಜಾಹೀರಾತು ಹಾಕುತ್ತಾನೆ: ಬ್ರ್ಯಾಂಡು, ಬಣ್ಣ, ಕೊಂಡ ವರ್ಷ, ಬೆಲೆ, ನಾಲ್ಕು ಫೋಟೋ. ತೂಕ ಮಾತ್ರ ಇರುವುದಿಲ್ಲ. ನೋಡಲು ಬಂದವನಾದರೂ ಬಗ್ಗಿ ಎತ್ತಿ, "ಭಾರ ಐತಲ್ಲೋ" ಎನ್ನುವುದು ಮೊದಲು, ತಂತಿ ಮುಟ್ಟುವುದು ಆಮೇಲೆ. ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಹೀಗೆಂದು ಹಿಂದಿರುಗುವವನ ಚಾರ್ಜೂ ದಂಡ, ಮಾರುವವನ ಆಸೆಯೂ ದಂಡ. ಗ್ರಾಂ ಲೆಕ್ಕದಲ್ಲಿ ಅಡಿಕೆ ತೂಗುವ ಚನ್ನಗಿರಿಯಲ್ಲಿ ಗಿಟಾರ್ ತೂಗಲು ತಕ್ಕಡಿ ಇಲ್ಲವೆನ್ನುವ ಹಾಗೇನೂ ಇಲ್ಲ. ಚೀಲ ತೂಗುಹಾಕುವ ಕೊಕ್ಕೆ ತಕ್ಕಡಿಯೂ ನಡೆದೀತು.

ತೂಕದ ಜತೆ ವಾಲುವಿಕೆಯನ್ನೂ ಹೇಳಬೇಕು. ಪಟ್ಟಿ ಹಾಕಿ ನಿಂತು ಎರಡೂ ಕೈ ಬಿಟ್ಟರೆ ಕತ್ತು ಎಲ್ಲಿ ನಿಲ್ಲುತ್ತದೆ ಎಂಬುದು ಒಂದು ಕ್ಷಣದ ಪರೀಕ್ಷೆ. ವಾಲಿದರೆ ಒಳಮೈ ಒರಟಾದ ಅಗಲ ಪಟ್ಟಿ ಹಾಕಬಹುದು, ಇಲ್ಲವೇ ಪಟ್ಟಿ ಸಿಕ್ಕಿಸುವ ಗುಬ್ಬಿಯನ್ನು ಬೇರೆ ಕಡೆಗೆ ಸರಿಸಬಹುದು. ಸರಿಸಿದ್ದರೆ ಹಳೆಯ ತೂತಿನ ಗುರುತು ಬೆಲೆ ತಗ್ಗಿಸುತ್ತದೆ. ಜಗಳೂರಿನ ಬೇಸಿಗೆಯಂಥ ಒಣ ಹವೆಯಲ್ಲಿ ಕತ್ತಿನ ಮರ ಸೊರಗಿ ಫ್ರೆಟ್ಟಿನ ತುದಿಗಳು ಬೆರಳಿಗೆ ತಾಗತೊಡಗುವುದುಂಟು. ಅಂಗೈಯನ್ನು ಕತ್ತಿನ ಅಂಚಿನ ಉದ್ದಕ್ಕೂ ಎಳೆದು ನೋಡಿದರೆ ತಿಳಿಯುತ್ತದೆ.

ಹಳೆಯ ಗಿಟಾರ್ ಮಾರುವವರು ಜಾಹೀರಾತಿನ ಮೊದಲ ಸಾಲಿನಲ್ಲೇ ಕಿಲೋ, ಗ್ರಾಂ ಬರೆಯಲಿ, ಪಟ್ಟಿಯನ್ನೂ ಸೇರಿಸಿ ಕೊಡಲಿ. ಕೊಳ್ಳುವವರು ಕುರ್ಚಿಯ ಮೇಲೆ ಕೂತು ನುಡಿಸಿ ಒಪ್ಪಿಕೊಳ್ಳದೆ, ಅರ್ಧ ಗಂಟೆ ನಿಂತು ನುಡಿಸಿ ನೋಡಲಿ. ಬೆಲೆಯ ಚೌಕಾಸಿ ಅದಾದ ಮೇಲೆ.